ಎರಡನೇ ಹನಿ

ಕೆಲಸದ ಜಾಗದಲ್ಲಿ ನನ್ನ ಹೆಸರು ಹೆಬ್ಬೆಟ್ಟು. ಓದು ಬರಹ ಬಾರದವನೆಂದು ತಿಳಿಯಬೇಡಿ. ಗೋಡೆಗೆ ತೂಗುಹಾಕುವಂಥ ಎರಡು ಪ್ರಮಾಣಪತ್ರಗಳು ನನ್ನ ಬಳಿ ಇವೆ, ಸ್ವಂತ ಗೋಡೆಯೊಂದೇ ಇಲ್ಲ. ಹೆಸರು ಬಂದದ್ದು ಬಲಗೈಯ ಹೆಬ್ಬೆರಳಿನಿಂದ. ಚುಚ್ಚಿದ ಬೆರಳಿನಿಂದ ರಕ್ತ ಬಾರದಿದ್ದರೆ ಅದನ್ನು ಹಿಂಡಿ ಬರಿಸುವುದರಲ್ಲಿ ಈ ಹೆಬ್ಬೆರಳನ್ನು ಮೀರಿಸುವವರಿಲ್ಲ ಎಂದು ನಮ್ಮ ಸಾಹೇಬರು ಎಲ್ಲರೆದುರು ಹೊಗಳಿದ್ದರು. ನಾನು ಉಬ್ಬಿಹೋಗಿದ್ದೆ. ಅದೇ ಹೆಬ್ಬೆರಳು ಒಂದು ಬೆಳಗ್ಗೆ ಅವರ ಬಡ್ತಿಯನ್ನೂ ನನ್ನ ಬಡ್ತಿಯನ್ನೂ ಒಟ್ಟಿಗೇ ಹಿಂಡಿಹಾಕಿತು. ಆದರೂ ಇದು ನನ್ನ ಕಥೆಯಲ್ಲ. ನನ್ನದಾಗಿದ್ದರೆ ಇಷ್ಟು ಹೊತ್ತಿಗೆ ಮುಗಿದುಹೋಗಿರುತ್ತಿತ್ತು. ಇದು ನನ್ನ ಪಕ್ಕದ ಮೇಜಿನ ತಂತ್ರಜ್ಞೆಯ, ನಾವೆಲ್ಲ ಅಕ್ಕ ಎಂದು ಕರೆಯುವವಳ ಕಥೆ.

ನಮ್ಮದು ಆರೋಗ್ಯ ತಪಾಸಣಾ ಕೇಂದ್ರ. ಗಿರಣಿಗೆ, ಸಾರಿಗೆಗೆ, ಕಾವಲು ಕೆಲಸಕ್ಕೆ ಸೇರಲಿರುವವರು ಇಲ್ಲಿಗೆ ಬಂದು ಮೈ ತೋರಿಸಿ, ‘ಯೋಗ್ಯ’ ಎಂಬ ಮುದ್ರೆ ಒತ್ತಿಸಿಕೊಂಡು ಹೋಗಬೇಕು. ಮೂರು ಕೋಣೆ. ಮೊದಲನೆಯದರಲ್ಲಿ ಬೆಂಚು, ಎರಡನೆಯದರಲ್ಲಿ ನಾವು, ಮೂರನೆಯದರಲ್ಲಿ ತೊಳೆಯುವ ತೊಟ್ಟಿ. ತೊಟ್ಟಿಯ ಹಿಂದಿನ ಗೋಡೆಗೆ ನೆಲದಿಂದ ತೇವ ಹತ್ತುತ್ತದೆ. ಆ ತೇವದ ಅಂಚಿನಲ್ಲಿ ಪೆನ್ಸಿಲಿನಿಂದ ಎಳೆದ ಆರು ಗೆರೆಗಳಿವೆ, ಒಂದರ ಮೇಲೊಂದು, ಮಗುವಿನ ಎತ್ತರ ಅಳೆದ ಹಾಗೆ. ಸೇರಿದ ಹೊಸತರಲ್ಲಿ ಇದೇನೆಂದು ಕೇಳಿದೆ.

“ವರ್ಷಕ್ಕೊಂದು ಗೆರೆ,” ಎಂದಳು ಅಕ್ಕ. “ಯಾರೂ ತಳ್ಳಲ್ಲ, ಯಾರೂ ಎತ್ತಲ್ಲ. ಇಟ್ಟಿಗೆ ಒಳಗೆ ಕೂದಲಿನಷ್ಟು ಸಣ್ಣ ದಾರಿ ಇದೆ, ಅಷ್ಟು ಸಾಕು. ನೀರು ಸುಮ್ಮನೆ ಮೇಲಕ್ಕೆ ಬರ್ತಾ ಇದೆ.”

“ಬಣ್ಣ ಹೊಡೆಸಿದ್ರೆ ಆಯ್ತಪ್ಪ.”

“ಬಣ್ಣ ಹೊಡೆಸಿದ್ರೆ ಕಾಣಲ್ಲ. ಬರೋದು ನಿಲ್ಲಲ್ಲ.”

ಆಗ ನನಗೆ ಅದು ಗೋಡೆಯ ವಿಷಯವೆಂದೇ ಅನ್ನಿಸಿತ್ತು. ಹೇಳಿದೆನಲ್ಲ, ಹೆಬ್ಬೆಟ್ಟು.

ಅಕ್ಕನಿಗೆ ನಲವತ್ತೈದರ ಆಸುಪಾಸು. ಕಡ್ಡಿಯಂಥ ಮೈ, ಬಿಗಿಯಾಗಿ ಕಟ್ಟಿದ ಜಡೆ, ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ಬೆಂಚಿನ ಮೇಲಿನ ಜನ ಅವಳನ್ನು ‘ಎರಡನೇ ಹನಿ ಅಕ್ಕ’ ಎನ್ನುತ್ತಿದ್ದರು. ಬೆರಳು ಚುಚ್ಚಿದಾಗ ಬರುವ ಮೊದಲ ಹನಿಯನ್ನು ಅವಳು ಯಾವತ್ತೂ ಮುಟ್ಟುತ್ತಿರಲಿಲ್ಲ. ಹತ್ತಿಯಿಂದ ಒರೆಸಿ ಬಿಸಾಕಿ ಕಾಯುತ್ತಿದ್ದಳು. ಎರಡನೆಯದು ತಾನಾಗಿ ಉಬ್ಬಿ ನಿಂತ ಮೇಲೆ ಗಾಜಿನ ಸಣ್ಣ ಕೊಳವೆಯ ತುದಿಯನ್ನು ಅದಕ್ಕೆ ಸೋಕಿಸುತ್ತಿದ್ದಳು. ಬೆಕ್ಕಿನ ಮೀಸೆಗಿಂತ ತುಸು ದಪ್ಪದ ಕೊಳವೆ. ರಕ್ತ ಕರೆದವರ ಮನೆಗೆ ಹೊರಟಂತೆ ಒಳಗೆ ಓಡುತ್ತಿತ್ತು. ಆಮೇಲೆ ಕೊಳವೆಯ ಒಂದು ಬಾಯಿಗೆ ಮೇಣ ಒತ್ತಿ, ಬುಗುರಿಯಂತೆ ತಿರುಗುವ ಯಂತ್ರದಲ್ಲಿ ಐದು ನಿಮಿಷ ತಿರುಗಿಸಿದರೆ ಕೆಂಪು ಕಣಗಳು ತಳಕ್ಕೆ ಸೇರುತ್ತವೆ. ನೂರು ಪಾಲಿನಲ್ಲಿ ಕೆಂಪು ಎಷ್ಟು ಪಾಲು ಎಂದು ಓದಬೇಕು. ಗಂಡಸಿಗೆ ನಲವತ್ತು ಇರಬೇಕು, ಹೆಂಗಸಿಗೆ ಮೂವತ್ತಾರು. ಕಡಿಮೆ ಬಂದರೆ ‘ಅಯೋಗ್ಯ’.

ಶಾಲೆಯಲ್ಲಿ ನಾನು ಲೋಮನಾಳದ, ಅಂದರೆ ಕೂದಲೆಳೆಯಂಥ ಕೊಳವೆಯ ಬಗ್ಗೆ ಎರಡು ಸಲ ಓದಿದ್ದೆ. ಜೀವಶಾಸ್ತ್ರದಲ್ಲಿ ಒಮ್ಮೆ, ಭೌತಶಾಸ್ತ್ರದಲ್ಲಿ ಒಮ್ಮೆ. ಪರೀಕ್ಷೆಯಲ್ಲಿ ಒಂದರ ಉತ್ತರ ಇನ್ನೊಂದರ ಕೆಳಗೆ ಬರೆದು ಎರಡರಲ್ಲೂ ಸೊನ್ನೆ ತಂದಿದ್ದೆ. ಇದನ್ನು ಹೇಳಿದಾಗ ಅಕ್ಕ ನಗಲಿಲ್ಲ.

“ನೋಡು, ಮೈಯೊಳಗೂ ಕೂದಲಿನಂಥ ದಾರಿ ಇದೆ, ಕೆಂಪು ಕಣ ಒಂದರ ಹಿಂದೆ ಒಂದು ಇರುವೆ ಸಾಲಿನ ಹಾಗೆ ಹೋಗ್ಬೇಕು, ಅಷ್ಟು ಇಕ್ಕಟ್ಟು. ಅಲ್ಲಿ ಹೃದಯ ತಳ್ಳುತ್ತೆ. ಈ ಗಾಜಲ್ಲೂ ಅಂಥದೇ ದಾರಿ. ಇಲ್ಲಿ ಗಾಜೇ ಎಳೆಯುತ್ತೆ. ಅಲ್ಲಿ ತಳ್ಳೋರಿದ್ದಾರೆ, ಇಲ್ಲಿ ಎಳೆಯೋರಿದ್ದಾರೆ. ಮಧ್ಯ ನಿನ್ನ ಹೆಬ್ಬೆರಳಿಗೇನು ಕೆಲಸ?”

“ಬೇಗ ಆಗುತ್ತಲ್ಲಕ್ಕ.”

“ಹಿಂಡಿದ್ರೆ ಬರೋದು ಬರೀ ರಕ್ತ ಅಲ್ಲ ಕಣೋ. ಸುತ್ತಲಿನ ಮಾಂಸದ ನೀರೂ ಬರುತ್ತೆ. ಹಾಲಿಗೆ ನೀರು ಬೆರೆಸಿ, ಹಸು ಸರಿ ಇಲ್ಲ ಅಂತ ಬರೆದ ಹಾಗೆ.”

ಚಳಿಗೆ ಬೆರಳು ಸೆಟೆದವರಿಗಾಗಿ ಅವಳು ಮೇಜಿನ ಮೇಲೆ ಬಿಸಿನೀರಿನ ಪಾತ್ರೆ ಇಟ್ಟಿರುತ್ತಿದ್ದಳು. ಕೈ ಅದ್ದಿಸಿ, ಒರೆಸಿ, ಆಮೇಲೆ ಚುಚ್ಚುತ್ತಿದ್ದಳು. ಅವಳ ಮೇಜಿನಲ್ಲಿ ಒಬ್ಬರ ಪರೀಕ್ಷೆ ಮುಗಿಯುವುದರೊಳಗೆ ನನ್ನ ಮೇಜಿನಲ್ಲಿ ಮೂವರು ಎದ್ದು ಹೋಗಿರುತ್ತಿದ್ದರು. ಸಾಹೇಬರು ನನ್ನ ಬೆನ್ನು ತಟ್ಟುತ್ತಿದ್ದರು.

ಸಾಹೇಬರು ಎಂದರೆ ಮೇಲ್ವಿಚಾರಕರು. ಬೆನ್ನ ಹಿಂದೆ ನಿಂಬೆಹಣ್ಣು ಸಾಹೇಬರು, ಸಿಕ್ಕಿದ್ದನ್ನೆಲ್ಲ ಹಿಂಡುತ್ತಾರೆಂದು. ಬೆರಳಿನ ವಿಷಯದಲ್ಲಂತೂ ಅವರದೇ ನಿಯಮಾವಳಿ ಗೋಡೆಯ ಮೇಲಿತ್ತು, ದಪ್ಪ ಅಕ್ಷರದಲ್ಲಿ, ಕೆಳಗೆ ಬಾಲ ಉದ್ದದ ಸಹಿ. ಮೂರನೇ ನಿಯಮ: ‘ರಕ್ತ ಸರಾಗವಾಗಿ ಬಾರದಿದ್ದಲ್ಲಿ ಬೆರಳನ್ನು ಬುಡದಿಂದ ತುದಿಯವರೆಗೆ ಚೆನ್ನಾಗಿ ಹಿಂಡತಕ್ಕದ್ದು.’ ಒಂಬತ್ತನೇ ನಿಯಮ: ‘ಮರುಪರೀಕ್ಷೆ ಕೋರುವವರು ಅದಕ್ಕೆ ಕಾರಣವನ್ನು ತಮ್ಮ ಕೈಯಾರೆ ಪೂರ್ಣ ವಾಕ್ಯದಲ್ಲಿ ಬರೆದು ಸಹಿ ಮಾಡತಕ್ಕದ್ದು.’ ಒಂಬತ್ತನೆಯದು ಬಂದ ಮೇಲೆ ಮರುಪರೀಕ್ಷೆ ಕೇಳುವವರೇ ಇಲ್ಲವಾದರು. ಕೂಲಿಗೆ ಹೊರಟವರು ಪೂರ್ಣ ವಾಕ್ಯಕ್ಕೆ ಎಲ್ಲಿಗೆ ಹೋಗಬೇಕು?

ಈ ಒಂಬತ್ತನೇ ನಿಯಮ ಹುಟ್ಟಿದ್ದು ಆರು ವರ್ಷದ ಹಿಂದೆ. ಅದನ್ನು ನನಗೆ ಅಕ್ಕ ಹೇಳಲಿಲ್ಲ, ಬಾಗಿಲು ಕಾಯುವ ಮುದುಕ ಹೇಳಿದ. ಅಂದು ನೂಲಿನ ಗಿರಣಿಗೆ ಸೇರಲು ನಲವತ್ತೆರಡು ಹೆಂಗಸರು ಬಂದಿದ್ದರು. ಮೈ ಕೊರೆಯುವ ಚಳಿ. ಸಾಲು ಉದ್ದವಾಗಿದೆಯೆಂದು ಸಾಹೇಬರೇ ಅಂಗಿಯ ತೋಳು ಮಡಚಿ ಕೂತು ಒಬ್ಬೊಬ್ಬರ ಬೆರಳೂ ಹಿಂಡಿ ಕೊಳವೆ ತುಂಬಿದರು. ಮೇಣ ಹಾಕಿ ಯಂತ್ರಕ್ಕೆ ಇಟ್ಟದ್ದಷ್ಟೇ ಅಕ್ಕ. ಹತ್ತೊಂಬತ್ತು ಮಂದಿ ‘ಅಯೋಗ್ಯ’. ಆ ಹತ್ತೊಂಬತ್ತರಲ್ಲಿ ಅಕ್ಕನ ಒಡಹುಟ್ಟಿದ ತಂಗಿಯೂ ಒಬ್ಬಳು. ಹಿಂಡಿದ್ದರಿಂದ ಹೀಗಾಗಿದೆ, ಮತ್ತೆ ಪರೀಕ್ಷಿಸಿ ಎಂದು ಅಕ್ಕ ಹಟ ಹಿಡಿದಳು. ವಾರದ ನಂತರ ಮಾಡಿದಾಗ ಹತ್ತೊಂಬತ್ತರಲ್ಲಿ ಹದಿನಾರು ಮಂದಿ ಯೋಗ್ಯರೇ, ತಂಗಿಯೂ ಸೇರಿ. ಅಷ್ಟರಲ್ಲಿ ಗಿರಣಿಯಲ್ಲಿ ಜಾಗ ತುಂಬಿತ್ತು. ತಪ್ಪು ಯಾರದು ಎಂದು ಮುಖ್ಯ ಕಚೇರಿ ಕೇಳಿತು. ಕೋತಿ ಮೊಸರು ತಿಂದು ಮೇಕೆಯ ಮೂತಿಗೆ ಒರೆಸಿದ ಹಾಗೆ ಸಾಹೇಬರು ಬರೆದರು: ‘ತಂತ್ರಜ್ಞೆಯು ಕೊಳವೆಯ ಬಾಯನ್ನು ಸರಿಯಾಗಿ ಮುಚ್ಚದ ಕಾರಣ ಕಣಗಳು ಸೋರಿಹೋಗಿವೆ. ತನ್ನ ಅಜಾಗರೂಕತೆಯನ್ನು ಮರೆಮಾಚಲು ಗದ್ದಲ ಎಬ್ಬಿಸಿದ್ದಾಳೆ.’

ಆ ಪತ್ರ ಅಕ್ಕನ ಕಡತದಲ್ಲಿ ಕೂತಿತು, ಒಂಬತ್ತನೇ ನಿಯಮ ಗೋಡೆ ಹತ್ತಿತು. ಎರಡು ವರ್ಷ ಅವಳನ್ನು ತೊಟ್ಟಿಯ ಮುಂದೆ ಗಾಜು ತೊಳೆಯಲು ನಿಲ್ಲಿಸಿದರು. ಅದನ್ನೆಲ್ಲ ಅವಳು ನುಂಗಿಕೊಂಡಿರಬಹುದು. ನುಂಗಲಾಗದ್ದು ಒಂದೇ. ಪತ್ರದ ಪ್ರತಿ ಆ ಹತ್ತೊಂಬತ್ತು ಮಂದಿಗೂ ಹೋಗಿತ್ತು, ತಂಗಿ ಅದನ್ನು ನಂಬಿದ್ದಳು.

“ಒಂದೇ ಮನೆ, ಎರಡು ಒಲೆ,” ಎಂದ ಮುದುಕ. “ತಂಗಿ ಈಗ ಔಷಧಿ ಅಂಗಡೀಲಿ ಡಬ್ಬ ಜೋಡಿಸ್ತಾಳೆ. ಅಕ್ಕನ ಜೊತೆ ಮಾತಿಲ್ಲ. ಒಂದು ಸಲ ಅಂದ್ಲಂತೆ, ನನ್ನ ರಕ್ತಕ್ಕೆ ಸರಿಯಾಗಿ ಒಂದು ಮುಚ್ಚಳ ಹಾಕೋಕೆ ಆಗ್ಲಿಲ್ವಲ್ಲೇ ನಿನಗೆ ಅಂತ.”

ಅಕ್ಕನಿಗೆ ಬೇಕಾಗಿದ್ದು ಸಾಹೇಬರ ಕೈಬರಹದಲ್ಲಿ ಒಂದು ವಾಕ್ಯ. ಹಿಂಡಿದರೆ ಅಳತೆ ಕೆಡುತ್ತದೆ ಎಂಬ ಒಂದೇ ವಾಕ್ಯ. ಆರು ವರ್ಷ ಕೇಳಿದ್ದಳು. “ಬರ್ಕೊಡೋಣಮ್ಮ, ಏನವಸರ,” ಎನ್ನುತ್ತಿದ್ದರು ಸಾಹೇಬರು, ಹಲ್ಲು ಕಿಸಿದು.

ಹೀಗಿರುವಾಗ ಸಾಹೇಬರಿಗೆ ಮುಖ್ಯ ಕಚೇರಿಯಲ್ಲಿ ದೊಡ್ಡ ಹುದ್ದೆ ಬಂತು. ಹೊಸ ಹುದ್ದೆಗೆ ಹೋಗುವವರು ಯಾರೇ ಆಗಲಿ ಯೋಗ್ಯತೆಯ ಮುದ್ರೆ ಬೇಕು. ಮುದ್ರೆ ಒತ್ತಲು ಮುಖ್ಯ ಕಚೇರಿಯ ದೊಡ್ಡ ಡಾಕ್ಟರಮ್ಮ ಸೋಮವಾರ ಬೆಳಗ್ಗೆ ಖುದ್ದಾಗಿ ಬರುವವರಿದ್ದರು. ಸಾಹೇಬರು ನನ್ನ ಹೆಗಲ ಮೇಲೆ ಕೈ ಹಾಕಿದರು.

“ನನ್ನ ಕುರ್ಚಿ ಖಾಲಿ ಆಗುತ್ತಯ್ಯ. ಆ ಹೆಂಗಸಿಗೆ ಕೊಡೋ ಹಾಗಿಲ್ಲ, ಕಡತದಲ್ಲಿ ಪತ್ರ ಇದೆ. ನಿನ್ನ ಹೆಸರು ಹೇಳಿದೀನಿ. ಸೋಮವಾರ ನನ್ನ ಬೆರಳು ನೀನೇ ಚುಚ್ಚು. ಅವಳ ಕೈಗೆ ನಾನು ಬೆರಳು ಕೊಡಲ್ಲಪ್ಪ, ಏನು ಹಗೆ ಸಾಧಿಸ್ತಾಳೋ.”

ಆ ರಾತ್ರಿ ಕನಸಿನಲ್ಲಿ ನಾನು ಕುರ್ಚಿಯ ಮೇಲೆ ಕೂತಿದ್ದೆ. ಕಾಲು ನೆಲಕ್ಕೆ ಎಟಕುತ್ತಿರಲಿಲ್ಲ. ಕನಸುಗಳೂ ನನ್ನನ್ನು ಅಷ್ಟಾಗಿ ಗೌರವಿಸುವುದಿಲ್ಲ.

ಸೋಮವಾರ ನಾನು ಬರುವಾಗಲೇ ಅಕ್ಕ ಬಂದಿದ್ದಳು. ಕೋಣೆ ಐಸ್ ಪೆಟ್ಟಿಗೆಯಂತಿತ್ತು. ಕಿಟಕಿಗಳೆಲ್ಲ ತೆರೆದಿದ್ದವು. ಮೇಜಿನ ಮೇಲೆ ಬಿಸಿನೀರಿನ ಪಾತ್ರೆ ಇರಲಿಲ್ಲ.

“ಪಾತ್ರೆ ಎಲ್ಲಕ್ಕ?”

“ನಿಯಮದಲ್ಲಿ ಬಿಸಿನೀರು ಅಂತ ಬರೆದಿದೆಯಾ? ಓದು.”

ಓದಿದೆ. ಇರಲಿಲ್ಲ.

“ಇವತ್ತು ದೊಡ್ಡ ಡಾಕ್ಟರು ಬರ್ತಾರೆ. ಗೋಡೆ ಮೇಲೆ ಏನಿದೆಯೋ ಹಾಗೇ ಮಾಡು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆ ಇಲ್ಲ.” ಅವಳ ದನಿ ಎಂದಿನಂತೆಯೇ ಇತ್ತು. ಕೈ ಮಾತ್ರ ಸುಮ್ಮನಿರಲಿಲ್ಲ, ಖಾಲಿ ಕೊಳವೆಗಳನ್ನು ಎಣಿಸುತ್ತಿತ್ತು, ಮತ್ತೆ ಎಣಿಸುತ್ತಿತ್ತು.

ನನಗೆ ಅರ್ಧ ಅರ್ಥವಾಯಿತು. ಉಳಿದರ್ಧ ಕುರ್ಚಿಯ ಬಗ್ಗೆ ಯೋಚಿಸುತ್ತಿತ್ತು.

ಡಾಕ್ಟರಮ್ಮ ಬಂದರು. ಬಿಳಿಗೂದಲು, ಮಾತು ಕಡಿಮೆ, ಕೈಗಡಿಯಾರ ನೋಡುವುದು ಹೆಚ್ಚು. ಸಾಹೇಬರು ಹೊಸ ಅಂಗಿ ತೊಟ್ಟು ಕೂತು ಕೈ ಚಾಚಿದರು.

“ಚುಚ್ಚಯ್ಯ. ನನ್ನ ಮೈಯಲ್ಲಿ ಇಬ್ಬರಿಗಾಗುವಷ್ಟು ರಕ್ತ ಇದೆ ಮೇಡಂ, ಇವನಿಗೆ ಹಿಡಿಯೋಕೆ ಕೊಳವೆ ಸಾಲಲ್ಲ.”

ಬೆರಳು ಮಂಜಿನಂತೆ ತಣ್ಣಗಿತ್ತು. ಚುಚ್ಚಿದೆ. ಸಾಸಿವೆ ಕಾಳಿನಷ್ಟು ಬಂದು ನಿಂತಿತು. ನಾನು ಅಕ್ಕನ ಕಡೆ ನೋಡಿದೆ. ಅಕ್ಕ ಗೋಡೆಯ ಕಡೆ ನೋಡಿದಳು.

“ಏನು ನಾಚಿಕೆ? ಹಿಂಡಯ್ಯ!” ಎಂದರು ಸಾಹೇಬರು, ಡಾಕ್ಟರಮ್ಮನ ಕಡೆ ನಗುತ್ತ. “ನೋಡಿ ಮೇಡಂ, ಇವನ ಹೆಬ್ಬೆರಳಿನ ಕೈಚಳಕ.”

ಅಕ್ಕನಿಗೆ ನ್ಯಾಯ ಕೊಡಿಸಲೆಂದು ಹಿಂಡಿದೆ ಎಂದು ಬರೆಯಲು ಆಸೆಯೇನೋ ಇದೆ. ನಿಜ ಹೇಳಬೇಕೆಂದರೆ ಅಭ್ಯಾಸಬಲದಿಂದ ಹಿಂಡಿದೆ. ಬುಡದಿಂದ ತುದಿಯವರೆಗೆ, ಮೂರನೇ ನಿಯಮದ ಪ್ರಕಾರ, ಸಾಹೇಬರು ಸಣ್ಣಗೆ ಮುಲುಗುವ ತನಕ. ತೆಳ್ಳಗಿನ ಕೆಂಪು ಬಂತು. ಕೊಳವೆ ತುಂಬಿತು. ಮೇಣ ಒತ್ತಿ ಯಂತ್ರದಲ್ಲಿಡಲು ಹೋದರೆ ಅಕ್ಕ ಕೈ ಅಡ್ಡ ಹಿಡಿದಳು.

“ಮೇಡಂ, ಬಾಯಿ ಮುಚ್ಚಿರೋದನ್ನ ನೀವೇ ಒಂದು ಸಲ ನೋಡಿಬಿಡಿ.”

ಡಾಕ್ಟರಮ್ಮ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿ, “ಸರಿಯಾಗಿದೆ,” ಎಂದರು. ಅಕ್ಕ ಆ ಮಾತನ್ನು ಸಮಯದ ಸಮೇತ ಪುಸ್ತಕದಲ್ಲಿ ಬರೆದುಕೊಂಡಳು.

ಯಂತ್ರ ಐದು ನಿಮಿಷ ತಿರುಗಿತು. ಸಾಹೇಬರು ಹೊಸ ಕಚೇರಿಯಲ್ಲಿ ತಮಗೆ ಸಿಗಲಿರುವ ಕೋಣೆಯ ಕಿಟಕಿಗಳನ್ನು ವರ್ಣಿಸಿದರು. ಯಂತ್ರ ನಿಂತ ಮೇಲೆ ಡಾಕ್ಟರಮ್ಮನೇ ಓದಿದರು.

“ಮೂವತ್ತೇಳು.”

“ಏನು?”

“ಮೂವತ್ತೇಳು. ಅಯೋಗ್ಯ ಅಂತಾಗುತ್ತೆ.”

ಸಾಹೇಬರು ಎದ್ದರು. ಕುರ್ಚಿ ಹಿಂದಕ್ಕೆ ಬಿತ್ತು. “ಲೋ ಹೆಬ್ಬೆಟ್ಟು! ಆ ಪರಿ ಹಿಂಡಿದ್ರೆ ಮಾಂಸದ ನೀರೆಲ್ಲ ಸೇರ್ಕೊಂಡು ಕಡಿಮೆ ಬರದೆ ಇನ್ನೇನಾಗುತ್ತೆ? ಅಷ್ಟೂ ಗೊತ್ತಿಲ್ವಾ ನಿನಗೆ?”

ಡಾಕ್ಟರಮ್ಮ ತಲೆ ಎತ್ತಿ ಸಾಹೇಬರನ್ನು ನೋಡಿದರು.

“ಸರ್,” ಎಂದೆ ನಾನು, “ನೀವೇ ಹಿಂಡು ಅಂದ್ರಿ.”

ಅಕ್ಕ ಆಗಲೇ ಮರುಪರೀಕ್ಷೆಯ ಹಾಳೆಯನ್ನು ಮೇಜಿನ ಮೇಲಿಟ್ಟು, ಪೆನ್ನಿನ ಮುಚ್ಚಳ ತೆಗೆದು, ಎರಡು ಕೈಯಲ್ಲೂ ಹಿಡಿದು ನಿಂತಿದ್ದಳು, ಹಿರಿಯರಿಗೆ ನೀರು ಕೊಡುವ ಹಾಗೆ.

“ಮರುಪರೀಕ್ಷೆ ಮಾಡೋಣ ಸರ್. ಒಂಬತ್ತನೇ ನಿಯಮ. ಕಾರಣ, ಕೈಯಾರೆ, ಪೂರ್ಣ ವಾಕ್ಯ.”

ಸಾಹೇಬರು ಪೆನ್ನು ಕಿತ್ತುಕೊಂಡು ‘ತಾಂತ್ರಿಕ ಕಾರಣ’ ಎಂದು ಗೀಚಿದರು.

“ಇದು ವಾಕ್ಯ ಅಲ್ಲ ಸರ್. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿದೆ.”

“ಹಾಗಾದ್ರೆ ಇವನು ಕೊಳವೆ ಬಾಯಿ ಸರಿಯಾಗಿ—”

“ಬಾಯಿ ನಾನು ನೋಡಿದೀನಿ,” ಎಂದರು ಡಾಕ್ಟರಮ್ಮ. “ಈಗ ತಾನೇ ಕಾರಣ ನೀವೇ ಹೇಳಿದ್ರಲ್ಲ. ಅದನ್ನೇ ಬರೀರಿ. ನನಗೆ ಹನ್ನೊಂದಕ್ಕೆ ಹೊರಡ್ಬೇಕು.”

ಸಾಹೇಬರು ಅಕ್ಕನನ್ನು ನೋಡಿದರು. ಅಕ್ಕ ಕಣ್ಣು ಮಿಟುಕಿಸಲಿಲ್ಲ. ಹೊರಗೆ ಬಾಗಿಲ ಮುದುಕ ಕೆಮ್ಮುವುದನ್ನೂ ಮರೆತು ಕಿವಿಗೊಟ್ಟಿದ್ದ. ಬರೆಯದಿದ್ದರೆ ಬಡ್ತಿ ಇಲ್ಲ. ಬರೆದರೆ... ಬರೆದರೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು. ಆದರೂ ಆಸೆ ದೊಡ್ಡದು. ಆರು ವರ್ಷದ ಹಳೆಯ ಕಡತವನ್ನು ಯಾರು ಕೆದಕುತ್ತಾರೆಂದು ಲೆಕ್ಕ ಹಾಕಿರಬೇಕು. ಬರೆದರು: ‘ಬೆರಳನ್ನು ಹಿಂಡಿದ್ದರಿಂದ ಮಾಂಸದ ನೀರು ಸೇರಿ, ಅಳತೆ ಇರುವುದಕ್ಕಿಂತ ಕಡಿಮೆ ಬಂದಿದೆ.’ ಕೆಳಗೆ ಬಾಲ ಉದ್ದದ ಸಹಿ.

ಅಕ್ಕ ಶಾಯಿ ಒಣಗುವವರೆಗೆ ಹಾಳೆಯ ಮೇಲೆ ಊದಿದಳು. ಆಮೇಲೆ ಕಿಟಕಿ ಮುಚ್ಚಿದಳು. ಬೀರುವಿನ ಹಿಂದಿನಿಂದ ಬಿಸಿನೀರಿನ ಪಾತ್ರೆ ತಂದಳು. ಹಬೆಯಾಡುತ್ತಿತ್ತು, ಅಷ್ಟು ಹೊತ್ತೂ ಅಲ್ಲೇ ಸಣ್ಣ ಒಲೆಯ ಮೇಲೆ ಕಾಯುತ್ತಲೇ ಇತ್ತು.

“ಕೈ ಕೊಡಿ ಸರ್.”

ಸಾಹೇಬರು ಕೊಟ್ಟರು. ಬೇರೆ ದಾರಿ ಇರಲಿಲ್ಲ. ಅವಳು ಮಗುವಿನ ಕೈ ಹಿಡಿದಂತೆ ಹಿಡಿದು ನೀರಿನಲ್ಲಿ ಅದ್ದಿದಳು, ಒರೆಸಿದಳು, ಚುಚ್ಚಿದಳು. ಮೊದಲ ಹನಿ ಒರೆಸಿದಳು. ಎರಡನೆಯದು ಉಬ್ಬಿತು. ಕೊಳವೆ ಸೋಕಿಸಿದಳು. ರಕ್ತ ತಾನಾಗಿ ಓಡಿತು. ಈ ಸಲ ಯಂತ್ರ ನಿಂತಾಗ ನಲವತ್ತಮೂರು.

“ಯೋಗ್ಯ,” ಎಂದಳು ಅಕ್ಕ ಗಟ್ಟಿಯಾಗಿ. “ನಿಮ್ಮ ರಕ್ತದಲ್ಲಿ ಏನೂ ದೋಷ ಇಲ್ಲ ಸರ್. ಪರೀಕ್ಷೆ ಮಾತ್ರ ಸುಳ್ಳು ಹೇಳಬಾರದು.” ಆಮೇಲೆ ಸೆರಗಿನ ಅಡಿಯಿಂದ ಒಂದು ಹಳೆಯ ಕಡತ ತೆಗೆದು ಡಾಕ್ಟರಮ್ಮನ ಮುಂದಿಟ್ಟಳು. “ಹೊರಡೋ ಮೊದಲು ಎರಡು ಪುಟ ಓದಿ ಮೇಡಂ. ಒಂದು ಆರು ವರ್ಷದ್ದು, ಒಂದು ಈಗಿನದ್ದು. ಎರಡೂ ಇವರದೇ ಅಕ್ಷರ. ಈ ಹತ್ತೊಂಬತ್ತು ಬೆರಳೂ ಇವರೇ ಹಿಂಡಿದ್ದು.”

ಡಾಕ್ಟರಮ್ಮ ಹನ್ನೊಂದಕ್ಕೆ ಹೊರಡಲಿಲ್ಲ. ಒಂದೂವರೆಗೆ ಹೊರಟರು. ಸಾಹೇಬರು ಇಂಗು ತಿಂದ ಮಂಗನಂತೆ ಬೆಂಚಿನ ಮೇಲೆ ಕೂತಿದ್ದರು, ಕೆಲಸ ಕೇಳಲು ಬಂದವರ ನಡುವೆ.

ವಾರದೊಳಗೆ ಆದೇಶ ಬಂತು. ಅಕ್ಕನ ಕಡತದ ಪತ್ರ ರದ್ದು. ಹತ್ತೊಂಬತ್ತು ಮಂದಿಗೂ ತಿದ್ದುಪಡಿಯ ಪತ್ರ. ಕುರ್ಚಿ ಅಕ್ಕನಿಗೆ. ಸಾಹೇಬರ ಬಡ್ತಿಗೆ ತಡೆ, ವಿಚಾರಣೆ ಮುಗಿಯುವವರೆಗೆ ಅವರನ್ನು ‘ತೊಳೆಯುವ ಹಾಗೂ ದಾಸ್ತಾನು ವಿಭಾಗ’ಕ್ಕೆ ಹಾಕಲಾಗಿದೆ. ಆ ವಿಭಾಗವೆಂದರೆ ಮೂರನೇ ಕೋಣೆಯ ತೊಟ್ಟಿ.

ತಂಗಿಗೆ ಅಂಚೆಯಲ್ಲಿ ಬರುವುದನ್ನು ಅಕ್ಕ ಕಾಯಲಿಲ್ಲ. ಸಾಹೇಬರ ವಾಕ್ಯದ ಪ್ರತಿ ಹಿಡಿದು ನೇರ ಔಷಧಿ ಅಂಗಡಿಗೆ ಹೋದಳು, ಸಾಕ್ಷಿಗೆಂದು ನನ್ನನ್ನೂ ಎಳೆದುಕೊಂಡು. ಅವಳಷ್ಟೇ ತೆಳ್ಳಗಿನ ಹೆಂಗಸು ಏಣಿಯ ಮೇಲೆ ನಿಂತು ಡಬ್ಬ ಜೋಡಿಸುತ್ತಿದ್ದಳು. ಏಣಿಯ ಮೇಲೇ ಓದಿದಳು, ಎರಡು ಸಲ.

“ಇದೊಂದು ಸಾಲಿಗೆ ಆರು ವರ್ಷ ಬೇಕಾಯ್ತೇನೇ?”

“ಅವನು ನಿಧಾನ ಬರೀತಾನೆ.”

“ಈ ಉದ್ದಮೂತಿ ಯಾರು?”

“ಸಾಹೇಬರನ್ನ ಹಿಂಡಿದವನು.”

ತಂಗಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. “ಇವನಿಗೂ ಸೇರಿಸಿ ಮಾಡ್ಲಾ ಅಡುಗೆ?” ಎಂದಳು ಅಕ್ಕನನ್ನು ಕೇಳುತ್ತ. ಅಕ್ಕ ಗೋಡೆಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡಳು. ಬಹಳ ಹೊತ್ತು ಒರೆಸಿಕೊಂಡಳು.

ಇಲ್ಲಿಗೆ ಅವಳ ಮನಸ್ಸು ತಣ್ಣಗಾಯಿತೆಂದು ನಾನು ಎಣಿಸಿದೆ. ನನ್ನ ಎಣಿಕೆಗಳ ಬೆಲೆ ನಿಮಗೀಗ ಗೊತ್ತು.

ನಿಯಮಾವಳಿಯನ್ನು ಗೋಡೆಯಿಂದ ತೆಗೆಸಿಬಿಡಮ್ಮ ಎಂದು ಸಾಹೇಬರು ಬಂದು ಕೇಳಿಕೊಂಡರು. “ಇರ್ಲಿ ಸರ್, ಅಕ್ಷರ ಚೆನ್ನಾಗಿದೆ,” ಎಂದಳು ಅಕ್ಕ. ಮೂರನೇ ನಿಯಮದ ಪಕ್ಕಕ್ಕೇ ಅವರ ವಾಕ್ಯವನ್ನು ಚೌಕಟ್ಟು ಹಾಕಿಸಿ ತೂಗುಹಾಕಿದ್ದಾಳೆ. ಹಿಂಡುವುದು ಬಂದ್ ಆಗಿದೆ. ಬೆಂಚಿನ ಮೇಲಿನವರು ಎರಡನ್ನೂ ಓದಿ ನಗುವುದು ತೊಟ್ಟಿಯವರೆಗೂ ಕೇಳಿಸುತ್ತದೆ. ದಿನವೂ ಸಂಜೆ ಐದಕ್ಕೆ ಸಾಹೇಬರು ಸೂಕ್ಷ್ಮದರ್ಶಕದ ಕೆಳಗಿಡುವ, ತೊಳೆದ ಗಾಜಿನ ಪಟ್ಟಿಗಳ ತಟ್ಟೆ ತಂದು ಅವಳ ಮುಂದೆ ಇಡುತ್ತಾರೆ. ಅಕ್ಕ ಕನ್ನಡಕ ಏರಿಸಿ, ಒಂದೊಂದನ್ನೂ ಬೆಳಕಿಗೆ ಹಿಡಿದು, ಮೊಸರಿನಲ್ಲಿ ಕಲ್ಲು ಹುಡುಕುವಂತೆ ಹುಡುಕುತ್ತಾಳೆ. ಒಂದು ಕಲೆ ಸಿಕ್ಕೇ ಸಿಗುತ್ತದೆ.

“ಇನ್ನೊಂದು ಸಲ, ಸರ್.”

ಸಾಹೇಬರು ತಟ್ಟೆ ಎತ್ತಿಕೊಂಡು ಮತ್ತೆ ತೊಟ್ಟಿಗೆ ಹೋಗುತ್ತಾರೆ. ಅವರ ಕೈ ನೀರಿನಲ್ಲಿ ನೆನೆದು ಬೆಳ್ಳಗೆ ಸುಕ್ಕುಗಟ್ಟಿದೆ. ನಿನ್ನೆ ಅದನ್ನು ನೋಡಲಾರದೆ ನಾನೇ ಬಾಯಿಬಿಟ್ಟೆ.

“ಅಕ್ಕ, ಸಾಕಲ್ವಾ?”

“ನಾನು ಅಲ್ಲಿ ಎಷ್ಟು ದಿನ ನಿಂತಿದ್ದೆ?”

“ಎರಡು ವರ್ಷ.”

“ಅವರದು ಎಷ್ಟಾಯ್ತು?”

ಬೆರಳು ಮಡಚಿ ಎಣಿಸಿದೆ. “ಹನ್ನೊಂದು ದಿನ.”

“ಹಾಗಾದ್ರೆ ಹೆಬ್ಬೆರಳು ಜೇಬಲ್ಲಿ ಇಟ್ಕೊಂಡು ಸುಮ್ಮನೆ ಕೂತ್ಕೊ,” ಎಂದಳು ಅಕ್ಕ, ಮುಂದಿನ ಗಾಜನ್ನು ಬೆಳಕಿಗೆ ಹಿಡಿಯುತ್ತ.